ಕಪ್ಪು ಮೂರರ ಮೋಹ

ಕಳೆದ ಪತ್ತನಾಜೆಯ ಹೊತ್ತಿಗೆ ನಮ್ಮೂರಿನಲ್ಲಿ ಒಂದು ಸನ್ಮಾನ ಸಭೆ ನಡೆಯಿತು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಅಭಿನಂದನೆಯ ಮಾತಿಗೆ ನಿಂತ ಹಿರಿಯರೊಬ್ಬರು ಹೀಗೆಂದರು: "ಈಗಿನ ಭಾಗವತರಿಗೆ ಗಂಟಲು ಉಂಟು, ಎದೆ ಇಲ್ಲ. ಕಪ್ಪು ಮೂರರಲ್ಲಿ ಎದೆಯಿಂದ ಹಾಡದವ ಗಂಡು ಭಾಗವತನೇ ಅಲ್ಲ." ಸಭೆ ಚಪ್ಪಾಳೆ ತಟ್ಟಿತು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ನನ್ನ ಸೋದರಳಿಯನೂ ತಟ್ಟಿದ. ಅವನಿಗೆ ಹತ್ತೊಂಬತ್ತು ವರ್ಷ. ಭಾಗವತಿಕೆ ಕಲಿಯುತ್ತಿದ್ದಾನೆ. ಆ ದಿನಕ್ಕೆ ಅವನ ಸ್ವರ ಒಡೆದು ಸರಿಯಾಗಿ ಎರಡು ತಿಂಗಳಾಗಿತ್ತು.

ನಾನು ಸಭೆಯಲ್ಲಿ ಎದ್ದು ಮಾತನಾಡುವವನಲ್ಲ. ವೃತ್ತಿಯಲ್ಲಿ ಬ್ಯಾಂಕಿನ ಗುಮಾಸ್ತ, ಓದಿದ್ದು ಬಿ.ಎ., ಹವ್ಯಾಸದಲ್ಲಿ ಕೂಟಗಳಿಗೆ ಪದ ಹೇಳುವವನು. ಆದರೆ ಆ ಚಪ್ಪಾಳೆಯನ್ನು ಕೇಳಿಸಿಕೊಂಡು ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಅಂದು ಹೇಳದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಹಿರಿಯರ ಮೇಲೆ ನನಗೆ ಅಗೌರವವಿಲ್ಲ. ಅವರ ಮಾತು ಮಾತ್ರ ತಪ್ಪು. ತಪ್ಪಷ್ಟೇ ಅಲ್ಲ, ಅಪಾಯಕಾರಿ.

ಮೊದಲು ಲೆಕ್ಕ ಹೇಳುತ್ತೇನೆ. ಲೆಕ್ಕ ನನ್ನ ಕಸುಬು. ಹಾರ್ಮೋನಿಯಂನ ಕಪ್ಪು ಒಂದನ್ನು ಆಧಾರ ಷಡ್ಜವಾಗಿ ಹಿಡಿದು ಹಾಡುವ ಗಂಡಸು ತಾರ ಷಡ್ಜ ಮುಟ್ಟಿದಾಗ ಅವನ ಗಂಟಲಿನೊಳಗಿನ ಎರಡು ಸ್ವರತಂತುಗಳು ಸೆಕೆಂಡಿಗೆ ಸುಮಾರು 277 ಸಲ ಒಂದಕ್ಕೊಂದು ಬಡಿಯುತ್ತವೆ. ಶ್ರುತಿಯನ್ನು ಕಪ್ಪು ಮೂರಕ್ಕೆ ಏರಿಸಿದರೆ ಅದೇ ತಾರ ಷಡ್ಜಕ್ಕೆ 370 ಸಲ. ಭಾಗವತನಾದವನು ಷಡ್ಜದಲ್ಲಿ ನಿಲ್ಲುವ ಹಾಗಿಲ್ಲ. ಯುದ್ಧದ ಪದಕ್ಕೆ ತಾರ ಗಾಂಧಾರ, ಮಧ್ಯಮಗಳಾದರೂ ಬೇಕು. ಒಂದು ರಾತ್ರಿಯಲ್ಲಿ ಬರೇ ಒಂದೂವರೆ ಗಂಟೆ ನಿಜವಾಗಿ ಸ್ವರ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಸರಾಸರಿ ಸೆಕೆಂಡಿಗೆ 300 ಎಂದರೂ ಹದಿನಾರು ಲಕ್ಷ ಬಡಿತಗಳಾದವು. ಮೇಳದ ಭಾಗವತನಿಗೆ ಇದು ನವೆಂಬರಿನಿಂದ ಪತ್ತನಾಜೆಯವರೆಗೆ ಹೆಚ್ಚುಕಡಿಮೆ ಪ್ರತಿ ರಾತ್ರಿಯ ಲೆಕ್ಕ. ಗಂಡಸಿನ ಸ್ವರತಂತುವಿನ ಉದ್ದವಾದರೋ 17ರಿಂದ 25 ಮಿಲಿಮೀಟರ್. ನಮ್ಮ ಕಿರುಬೆರಳಿನ ತುದಿಯ ಗಿಣ್ಣಿನಷ್ಟು.

ಈ ಪುಟ್ಟ ತಂತು ಏರುಸ್ವರಕ್ಕೆ ಹೋಗುವ ಬಗೆ ಹೇಗೆ? ತಂತುವಿನ ಒಳಗೇ ಇರುವ ಒಂದು ಸ್ನಾಯು ಅದನ್ನು ಗಿಡ್ಡವಾಗಿ, ದಪ್ಪವಾಗಿ ಹಿಡಿಯುತ್ತದೆ. ನಾವು ಎದೆಯ ಸ್ವರ ಎನ್ನುವ ತುಂಬು ಸ್ವರ ಹುಟ್ಟುವುದು ಅದರಿಂದ. ಹೊರಗಿನ ಇನ್ನೊಂದು ಸ್ನಾಯು ತಂತುವನ್ನು ಎಳೆದು ಉದ್ದ ಮಾಡಿ ತೆಳ್ಳಗಾಗಿಸುತ್ತದೆ. ಸ್ವರ ಮೇಲೇರುವುದು ಇದರಿಂದ. ಮೇಲೆ ಹೋಗುತ್ತ ಹೋಗುತ್ತ ಮೊದಲನೆಯದು ಹಿಡಿತವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡಬೇಕು, ಎರಡನೆಯದು ವಹಿಸಿಕೊಳ್ಳಬೇಕು. ಒಮ್ಮೆಲೇ ಬಿಟ್ಟರೆ ಸ್ವರ ತೆಳುವಾಗಿ ಹಾರಿಹೋಗುತ್ತದೆ. ಅದನ್ನೇ ನಾವು ಕಳ್ಳಸ್ವರ ಎಂದು ನಗುವುದು, ಮಲಯಾಳದ ಮಿತ್ರರು ಕಳ್ಳತ್ತೊಂಡ ಎನ್ನುವುದು. ಬಿಡದೆ ಬಿಗಿಹಿಡಿದರೆ ಎರಡು ಸ್ನಾಯುಗಳು ಹಗ್ಗಜಗ್ಗಾಟಕ್ಕೆ ಬೀಳುತ್ತವೆ. ಗೆಲ್ಲಲು ಹಾಡುಗಾರ ಕೆಳಗಿನಿಂದ ಉಸಿರನ್ನು ಇನ್ನಷ್ಟು ಒತ್ತುತ್ತಾನೆ. ಕುತ್ತಿಗೆಯ ನರ ಉಬ್ಬುತ್ತದೆ, ಗಂಟಲಮಣಿ ಗಲ್ಲದ ಕೆಳಗೆ ಹೋಗಿ ಕೂರುತ್ತದೆ. ಇದನ್ನೇ ನೋಡಿ ನಮ್ಮ ಪ್ರೇಕ್ಷಕರು "ಎಂಥ ಎದೆ ಮಾರಾಯ್ರೆ" ಎನ್ನುವುದು. ಅಲ್ಲಿ ದುಡಿಯುತ್ತಿರುವುದು ಎದೆಯಲ್ಲ, ಸವೆಯುತ್ತಿರುವುದು ಗಂಟಲು.

ಇದೆಲ್ಲ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸಂಜೆಯ ತರಗತಿಯೊಂದರಲ್ಲಿ ಭಾಗವತಿಕೆಗೆ ಸೇರಿದೆ. ಹೇಳಿಕೊಡುತ್ತಿದ್ದವರ ಹೆಸರು ಬೇಡ. ತಾಳ ಲಯಗಳಲ್ಲಿ ಅವರು ಪ್ರವೀಣರು, ನಾನು ಋಣಿ. ಆದರೆ ಸ್ವರದ ವಿಷಯದಲ್ಲಿ ಅವರಿಗೆ ಗೊತ್ತಿದ್ದ ಉಪದೇಶ ಒಂದೇ: "ಎದೆಯಿಂದ ಕೊಡು." ಕೊಟ್ಟೆ. ಅದು ಸಾಲದು ಎಂದರೆ ಇನ್ನೂ ಕೊಟ್ಟೆ. ನನ್ನ ಸಹಜ ಸ್ವರದ ಮಿತಿ ಕಪ್ಪು ಒಂದರ ಶ್ರುತಿಯಲ್ಲಿ ತಾರಸ್ಥಾಯಿಯ ಸಾಧಾರಣ ಗಾಂಧಾರ, ಅಂದರೆ ಸೆಕೆಂಡಿಗೆ 330 ಕಂಪನ. ಅಂಥವನನ್ನು ಅವರು ಆರು ತಿಂಗಳಲ್ಲಿ ಕಪ್ಪು ಮೂರಕ್ಕೆ ತಂದು ನಿಲ್ಲಿಸಿದರು. ಅಲ್ಲಿ ತಾರ ಷಡ್ಜವೇ 370. ಬೇರೆಯವರು ಎಲ್ಲಿಂದ ಹತ್ತಲು ಸುರುಮಾಡುತ್ತಾರೋ ಅದಕ್ಕಿಂತ ಎರಡು ಮೆಟ್ಟಲು ಕೆಳಗೇ ನನ್ನ ಏಣಿ ಮುಗಿದಿತ್ತು. ಐದು ವರ್ಷ ಹೀಗೆಯೇ ನಡೆಯಿತು. ಉಳಿತಾಯವಿಲ್ಲದ ಖಾತೆಯಿಂದ ದಿನವೂ ಹಣ ತೆಗೆದ ಹಾಗೆ.

ಇಪ್ಪತ್ತೇಳನೆಯ ವಯಸ್ಸಿನ ಒಂದು ಮಾರ್ಚ್ ತಿಂಗಳು, ಬೆಳಗಿನ ಜಾವದ ಪದ ಮುಗಿಸಿ ಮಂಗಳಕ್ಕೆ ಬರುವಾಗ ಸ್ವರ ನಿಂತುಹೋಯಿತು. ಬಾಯಿ ತೆರೆದರೆ ಗಾಳಿ ಮಾತ್ರ. ಮಂಗಳೂರಿನ ಕಿವಿ ಮೂಗು ಗಂಟಲಿನ ವೈದ್ಯರು ನಳಿಗೆ ಇಳಿಸಿ ಪರದೆಯಲ್ಲಿ ತೋರಿಸಿದರು. ಎರಡೂ ತಂತುಗಳ ಅಂಚಿನಲ್ಲಿ ಎದುರುಬದುರಾಗಿ ಎರಡು ಗಂಟುಗಳು, ಕೈಯಲ್ಲಿ ಹಾರೆ ಹಿಡಿದವನಿಗೆ ಅಂಗೈಯಲ್ಲಿ ಏಳುವ ಜಡ್ಡಿನಂತೆ. "ಕತ್ತರಿಸುವುದು ಬೇಡ, ಮೊದಲು ಬಾಯಿ ಮುಚ್ಚಿ" ಎಂದರು. ಮೂರು ವಾರ ಮೌನ.

ವರ್ಷಾಂತ್ಯದ ಲೆಕ್ಕದ ಹೊತ್ತಿಗೆ ಕೌಂಟರಿನಲ್ಲಿ ಮೌನವಾಗಿ ಕುಳಿತ ಗುಮಾಸ್ತನನ್ನು ಊಹಿಸಿಕೊಳ್ಳಿ. ಮೀನು ವ್ಯಾಪಾರದ ಹಾಜಿಯವರೊಬ್ಬರು ಬಂದು ಡ್ರಾಫ್ಟ್ ವಿಚಾರಿಸಿದರು. ನಾನು ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ತಿರುಗಿಸಿ ಮುರುಗಿಸಿ ನೋಡಿ, "ಎಂದಾ ಸಾರೇ, ಮಿಂಡಾತ್ತದ್?" ಎಂದರು. ನಾನು ಕನ್ನಡದಲ್ಲಿ ಬರೆದಿದ್ದೆ! ಮತ್ತೆ ಮಲಯಾಳದಲ್ಲಿ ಬರೆದುಕೊಟ್ಟೆ. ಅವರು ನಕ್ಕು, ಮರುದಿನ ಒಂದು ಪೊಟ್ಟಣ ಕಲ್ಲುಸಕ್ಕರೆ ತಂದುಕೊಟ್ಟರು. ಆ ಮೂರು ವಾರದಲ್ಲಿ ನನ್ನ ಗಂಟಲನ್ನು ವಿಚಾರಿಸಿದವರಲ್ಲಿ ನನ್ನನ್ನು ಕಪ್ಪು ಮೂರಕ್ಕೆ ಏರಿಸಿ ಚಪ್ಪಾಳೆ ತಟ್ಟಿದವರು ಒಬ್ಬರೂ ಇರಲಿಲ್ಲ.

ಈಗ ವಾದಕ್ಕೆ ಬರೋಣ. "ಹಿರಿಯರು ಹಾಡಲಿಲ್ಲವೇ?" ಎನ್ನುವುದು ಮೊದಲನೆಯ ಪ್ರಶ್ನೆ. ಹಾಡಿದ್ದಾರೆ. ನಮ್ಮ ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು (1938–2023) ಏರು ಶ್ರುತಿಗೆ ಹೆಸರಾದವರು, ದಶಕಗಳ ಕಾಲ ಹಾಡಿದವರು. ಆ ಸ್ವರವನ್ನು ಗದ್ದೆಯ ಅಂಚಿನಲ್ಲಿ ಕುಳಿತು ಕೇಳಿದ ಪುಣ್ಯ ನನ್ನದೂ ಹೌದು. ಆದರೆ ಅವರ ಶ್ರುತಿ ಅವರ ಕಂಠಕ್ಕೆ ಒಪ್ಪಿದ್ದು, ಮನೆತನದ ಹಾಡಿಕೆಯಲ್ಲಿ ಎಳವೆಯಿಂದ ಪಳಗಿದ್ದು. ಅದನ್ನು ಅಳತೆಗೋಲು ಮಾಡಿ ಊರಿನ ಎಲ್ಲ ಹುಡುಗರ ಗಂಟಲನ್ನು ಅಳೆಯುವುದು, ಆನೆಯ ಅಡಿಗೆ ಹೊಲಿದ ಚಪ್ಪಲಿಯನ್ನು ಎಲ್ಲರಿಗೂ ತೊಡಿಸಿದಂತೆ. ಇನ್ನೊಂದು ಮಾತು: ನಮಗೆ ನೆನಪಿರುವುದು ಉಳಿದ ಸ್ವರಗಳು ಮಾತ್ರ. ಮೂವತ್ತಕ್ಕೆ ಸ್ವರ ಹೋಗಿ ಅಡಕೆ ತೋಟಕ್ಕೋ ಹೋಟೆಲಿನ ಗಲ್ಲಕ್ಕೋ ಹೋದವರ ಹೆಸರು ಯಾವ ಅಭಿನಂದನ ಗ್ರಂಥದಲ್ಲಿ ಉಂಟು?

ಎರಡನೆಯ ಪ್ರಶ್ನೆ, "ಚೆಂಡೆಯ ಮೇಲೆ ಕೇಳಬೇಡವೇ?" ಮೈಕ್ ಇಲ್ಲದ ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು. ಬಯಲಿನ ಕೊನೆಯಲ್ಲಿ ಚಾಪೆ ಹಾಸಿದವನಿಗೂ ಪದ ಮುಟ್ಟಬೇಕಿತ್ತು. ಆದರೆ ಆಗಲೂ ಮುಟ್ಟಿಸುತ್ತಿದ್ದುದು ಬರೇ ಎತ್ತರವಲ್ಲ. ನಾವು ಕಂಚಿನ ಕಂಠ ಎನ್ನುತ್ತೇವಲ್ಲ, ಆ ಕಂಚು ಎಲ್ಲಿಂದ ಬಂತು? ಪಳಗಿದ ಗಂಡುಸ್ವರದಲ್ಲಿ ಮೂಲ ಕಂಪನದ ಜೊತೆಗೆ ಸುಮಾರು 3000 ಕಂಪನದ ಆಸುಪಾಸಿನಲ್ಲಿ ಉಪಸ್ವರಗಳು ಗುಂಪಾಗಿ ಮೊಳಗುತ್ತವೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದೂ ಅಲ್ಲಿಯೇ. ವಾದ್ಯಗಳ ಗದ್ದಲವನ್ನು ಸೀಳಿಕೊಂಡು ಬರುವುದು ಆ ಮೊಳಗು. ಅದು ಕಪ್ಪು ಒಂದರಲ್ಲೂ ಬರುತ್ತದೆ, ಬಿಳಿ ಎರಡರಲ್ಲೂ ಬರುತ್ತದೆ. ಒತ್ತಿ ಕಿರುಚಿದರೆ ಕಪ್ಪು ಐದರಲ್ಲೂ ಬರುವುದಿಲ್ಲ. ಇಂದು ಅಂಗಡಿಯ ಮುಂದಿನ ಆಟಕ್ಕೂ ನಾಲ್ಕು ಸ್ಪೀಕರ್ ಕಟ್ಟುವಾಗ ಕೇಳಿಸುವುದಿಲ್ಲ ಎಂಬ ನೆಪ ಯಾರಿಗೆ ಬೇಕು?

ನಿಜವಾಗಿ ಕೇಳಿಸದಿರುವುದು ಭಾಗವತನಿಗೆ. ಬದಿಯಲ್ಲಿ ಚೆಂಡೆ, ಮದ್ದಳೆ, ಚಕ್ರತಾಳ. ಸ್ಪೀಕರುಗಳೆಲ್ಲ ಜನರ ಕಡೆಗೆ. ಸುತ್ತ ಗದ್ದಲವಿದ್ದಾಗ ಮನುಷ್ಯ ತನಗೆ ತಿಳಿಯದೆಯೇ ಸ್ವರ ಎತ್ತರಿಸುತ್ತಾನೆ ಎಂದು ಲೊಂಬಾರ್ ಎಂಬ ಫ್ರೆಂಚ್ ವೈದ್ಯ 1911ರಲ್ಲೇ ಬರೆದಿಟ್ಟಿದ್ದಾನೆ. ಭಾಗವತನ ಕಡೆಗೆ ತಿರುಗಿಸಿದ ಒಂದು ಸಣ್ಣ ಸ್ಪೀಕರ್ ಇಟ್ಟರೆ ಅರ್ಧ ಕಿರುಚಾಟ ತಾನಾಗಿ ನಿಲ್ಲುತ್ತದೆ. ಸಾವಿರಾರು ರೂಪಾಯಿಯ ದೀಪಾಲಂಕಾರಕ್ಕೆ ದುಡ್ಡಿರುವ ಸಮಿತಿಗಳಿಗೆ ಇದಕ್ಕೆ ದುಡ್ಡಿರುವುದಿಲ್ಲ.

ಮೂರನೆಯದು ಗಂಡಸುತನದ ಮಾತು. ಇದಕ್ಕೆ ಉತ್ತರ ನಮ್ಮ ಮಧೂರಿನಲ್ಲೇ ಹುಟ್ಟಿತ್ತು. 1947ರಲ್ಲಿ ಜನಿಸಿ 2024ರಲ್ಲಿ ತೀರಿಕೊಂಡ ಲೀಲಾವತಿ ಬೈಪಾಡಿತ್ತಾಯರು ಅದೇ ಚೆಂಡೆಯ ಎದುರು, ಅದೇ ರಾತ್ರಿಗಳಲ್ಲಿ, ವೃತ್ತಿ ಭಾಗವತರಾಗಿ ಹಾಡಿದರು. ಹೆಂಗಸಿನ ಸ್ವರತಂತು ಗಂಡಸಿನದಕ್ಕಿಂತ ಗಿಡ್ಡ, ಆದ್ದರಿಂದ ಸ್ವರ ಎತ್ತರ. ಎತ್ತರವೇ ಎದೆಗಾರಿಕೆಯಾದರೆ ಅದರಲ್ಲಿ ನಮ್ಮನ್ನು ಮೀರಿಸುವವರು ನಮ್ಮ ಮನೆಯಲ್ಲೇ ಇದ್ದಾರೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಸಭೆಯಲ್ಲಿ ಮಾತನಾಡಿದ ಹಿರಿಯರು ಇದಕ್ಕೆ ಸಿದ್ಧರಿದ್ದಾರೆಯೇ? ಶ್ರುತಿ ತಂತುವಿನ ಉದ್ದ, ದಪ್ಪ, ಬಿಗಿತಕ್ಕೆ ಸೇರಿದ ಸಂಗತಿ. ಮೀಸೆಗೂ ಅದಕ್ಕೂ ಸಂಬಂಧವಿಲ್ಲ. ಇದೇ ಜನ ಮನೆಗೆ ಹೋಗುವಾಗ ಕಾರಿನಲ್ಲಿ ಕೇಳುವುದು ಯಾರನ್ನು? ಪಿ. ಬಿ. ಶ್ರೀನಿವಾಸರ ಮೆಲುದನಿಯನ್ನು, ಯೇಸುದಾಸರ ಮಂದ್ರವನ್ನು. ಅಲ್ಲಿ ತಲೆದೂಗುವವರು ರಂಗಸ್ಥಳದ ಎದುರು ಕುಳಿತ ಕೂಡಲೇ ರಕ್ತ ಕೇಳುತ್ತಾರೆ.

ಈ ಹುಚ್ಚು ನಮ್ಮದು ಮಾತ್ರವೂ ಅಲ್ಲ. 1837ರಲ್ಲಿ ಪ್ಯಾರಿಸಿನ ಒಪೆರಾದಲ್ಲಿ ಡ್ಯೂಪ್ರೆ ಎಂಬ ಗಾಯಕ, ಅದುವರೆಗೆ ಹಗುರಾದ ತಲೆಸ್ವರದಲ್ಲಿ ಹಾಡುತ್ತಿದ್ದ ಅತಿ ಎತ್ತರದ ಸ್ವರವನ್ನು, ಇಂದಿನ ಲೆಕ್ಕದಲ್ಲಿ 523 ಕಂಪನ, ತುಂಬು ಎದೆಸ್ವರದಲ್ಲಿ ಹಾಡಿದ. ಜನ ಹುಚ್ಚೆದ್ದರು. ಆ ನಾಟಕದ ಸಂಗೀತ ರಚಿಸಿದ ರೊಸ್ಸಿನಿಗೆ ಮಾತ್ರ ಅದು ಕತ್ತು ಕೊಯ್ದ ಕೋಳಿಯ ಕೂಗಿನಂತೆ ಕೇಳಿತಂತೆ. ಅದುವರೆಗೆ ಅಲ್ಲಿಯ ಮುಖ್ಯ ಗಾಯಕನಾಗಿದ್ದ ನೂರಿ, ಹೊಸ ರೀತಿಯನ್ನು ಕಲಿಯಲು ಇಟಲಿಗೆ ಹೋಗಿ, ಇದ್ದ ಸ್ವರವನ್ನೂ ಕೆಡಿಸಿಕೊಂಡು, 1839ರಲ್ಲಿ ನೇಪಲ್ಸಿನ ಮಹಡಿಯಿಂದ ಹಾರಿ ಪ್ರಾಣ ಬಿಟ್ಟ. ಗೆದ್ದ ಡ್ಯೂಪ್ರೆಯ ಸ್ವರವೂ ಬಹುಕಾಲ ಬಾಳಲಿಲ್ಲ. ಚಪ್ಪಾಳೆ ತಟ್ಟಿದವರು ಮಾತ್ರ ಸುಖವಾಗಿ ಮನೆಗೆ ಹೋದರು.

ನಮ್ಮ ಪಕ್ಕದಲ್ಲೇ ಬೇರೆ ಮಾದರಿಯಿದೆ. ಈ ಸಂಚಿಕೆಯ ಮಲಯಾಳ ಓದುಗರಿಗೆ ಗೊತ್ತಿರುವಂತೆ ಕಥಕಳಿಯಲ್ಲಿ ಹಾಡುವವರು ಇಬ್ಬರು. ಚೇಂಗಿಲ ಹಿಡಿದ ಪೊನ್ನಾನಿ ಒಂದು ಸಾಲು ಹಾಡಿದರೆ, ಇಲತ್ತಾಳ ಹಿಡಿದ ಶಿಂಗಿಡಿ ಅದನ್ನು ತಿರುಗಿ ಹಾಡುತ್ತಾನೆ. ಪ್ರತಿ ಸಾಲಿಗೊಮ್ಮೆ ಗಂಟಲಿಗೆ ವಿಶ್ರಾಂತಿ ಅಲ್ಲಿ ಕಲೆಯ ಕಟ್ಟಿನಲ್ಲೇ ಇದೆ. ಚೆಂಡೆ ಅಲ್ಲಿಯೂ ಚೆಂಡೆಯೇ. ಕಲಾಮಂಡಲಂ ಹೈದರಾಲಿಯವರ (1946–2006) ಹಾಡು ಕೇಳಿ ಅಳದವರುಂಟೇ? ಆ ಕಣ್ಣೀರು ಶ್ರುತಿಪೆಟ್ಟಿಗೆಯ ಅಂಕಿಯಿಂದ ಬಂದದ್ದಲ್ಲ. ಯಕ್ಷಗಾನವನ್ನು ಕಥಕಳಿ ಮಾಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಭಾಗವತ ಒಬ್ಬನೇ ಇಡೀ ಪ್ರಸಂಗವನ್ನು ಹೊರುವವನು, ಅವನ ಗಂಟಲಿಗೆ ಇಬ್ಬರ ದುಡಿಮೆ. ಅದಕ್ಕೆ ಸಲ್ಲುವ ಜೋಪಾನವನ್ನಾದರೂ ಕೊಡಿ ಎನ್ನುತ್ತಿದ್ದೇನೆ.

ಹಾಗಾದರೆ ಏರು ಶ್ರುತಿಯೇ ಬೇಡವೇ? ಇಲ್ಲಿ ನನ್ನ ಇನ್ನೊಂದು ಬದಿಯ ಮಿತ್ರರನ್ನೂ ಒಪ್ಪಲಾರೆ. "ಶ್ರುತಿ ಇಳಿಸಿ ಸಿನಿಮಾ ಧಾಟಿಯಲ್ಲಿ ನಯವಾಗಿ ಹಾಡಿದರಾಯಿತು" ಎನ್ನುವವರು ಅವರು. ವೀರರಸದ ಪದಕ್ಕೆ ಎದೆತುಂಬಿದ ತಾರಸ್ವರ ಬೇಕೇ ಬೇಕು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದ ನಮಗೆ ಅದನ್ನು ಬಿಟ್ಟುಕೊಡುವ ಮನಸ್ಸಿಲ್ಲ. 1956ರಿಂದ ಈಚೆಗೆ ಈ ನೆಲದಲ್ಲಿ ಕನ್ನಡ ಗಟ್ಟಿಯಾಗಿ ಕೇಳುವ ಜಾಗಗಳು ಒಂದೊಂದಾಗಿ ಕಡಿಮೆಯಾಗುತ್ತಿರುವಾಗ ರಾತ್ರಿಯಿಡೀ ಕನ್ನಡ ಮೊಳಗುವ ರಂಗಸ್ಥಳ ನಮಗೆ ಬರೇ ಮನರಂಜನೆಯೂ ಅಲ್ಲ. ಅದಕ್ಕಾಗಿಯೇ ಅಲ್ಲವೇ, ಆ ಸ್ವರ ಇಪ್ಪತ್ತೇಳಕ್ಕೆ ಮುಗಿಯಬಾರದು ಎನ್ನುವುದು?

ಸ್ವರದ ಎತ್ತರವನ್ನು ಬೆಳೆಸಬಹುದು. ನಾನೇ ಬೆಳೆಸಿದ್ದೇನೆ. ಮೌನ ಮುಗಿದ ಮೇಲೆ ಸ್ವರ ಚಿಕಿತ್ಸೆಯವರು ಮೊದಲು ಕಲಿಸಿದ್ದು ತುಟಿಗಳನ್ನು ಬುರ್ರೆಂದು ಅದುರಿಸುತ್ತ ಸ್ವರ ಹಿಡಿಯುವುದನ್ನು, ಆಮೇಲೆ ನೀರಿನ ಲೋಟದಲ್ಲಿ ನಳಿಗೆಯದ್ದಿ ಗುಳುಗುಳು ಮಾಡುತ್ತ ಮೇಲೆ ಕೆಳಗೆ ಹೋಗುವುದನ್ನು. ಮನೆಯವರು ನಕ್ಕರು. ಆದರೆ ಬಾಯಿ ಅರ್ಧ ಮುಚ್ಚಿದಾಗ ಒಳಗಿನ ಗಾಳಿಯ ಒತ್ತಡ ತಂತುಗಳಿಗೆ ಮೆತ್ತೆಯಂತೆ ಒದಗಿ, ಬಡಿತ ಮೆದುವಾಗುತ್ತದೆ. ಹಳಬರ ಮಂದ್ರ ಸಾಧನೆಯೂ ಕೆಲಸಕ್ಕೆ ಬಂತು: ಬೆಳಿಗ್ಗೆ ಕೆಳಷಡ್ಜದಿಂದ ಕೆಳಗೆ, ಮೆಲ್ಲಗೆ, ಉಸಿರು ಅಳೆದು. ಮೇಲೆ ಹತ್ತುವಾಗ ಮೂರೇ ಸೂತ್ರ. ಮೇಲೆ ಹೋದಂತೆ ಭಾರ ಕಡಿಮೆ ಮಾಡು, ಜೋರು ಮಾಡಬೇಡ. ಬಾಯಗಲ ಆಕಾರವನ್ನು ಮೇಲೆ ಸ್ವಲ್ಪ ಒಕಾರದ ಕಡೆಗೆ ದುಂಡಗೆ ತಿರುಗಿಸು. ಗಂಟಲಮಣಿ ಎದ್ದಿತೋ, ಅಲ್ಲಿಗೆ ನಿಲ್ಲಿಸು, ನಾಳೆ ನೋಡೋಣ. ದಿನಕ್ಕೆ ಎರಡು ಸಲ, ಕಾಲು ಕಾಲು ಗಂಟೆ.

ಫಲವೇನು? ನಾಲ್ಕು ವರ್ಷಕ್ಕೆ ಹಾರ್ಮೋನಿಯಂನಲ್ಲಿ ಮೂರು ಮನೆ, ಕಪ್ಪು ಬಿಳಿ ಎರಡನ್ನೂ ಎಣಿಸಿ. 330ರಲ್ಲಿ ಮುಗಿಯುತ್ತಿದ್ದ ಸ್ವರ 392ಕ್ಕೆ ಬಂತು. ಈಗ ಕಪ್ಪು ಎರಡರಲ್ಲಿ ಹಾಡುತ್ತೇನೆ, ತಾರದ ಅಂತರ ಗಾಂಧಾರ ತುಂಬಿ ಬರುತ್ತದೆ, ಮರುದಿನ ಹತ್ತು ಗಂಟೆಗೆ ಕೌಂಟರಿನಲ್ಲಿ ಮಾತೂ ಬರುತ್ತದೆ. ಕಪ್ಪು ಮೂರು ನನಗೆ ಈ ಜನ್ಮಕ್ಕಿಲ್ಲ. ನನ್ನ ತಂತುವಿನ ಅಳತೆಯೇ ಅಷ್ಟು. ಅದರಿಂದ ನನಗಾಗಲಿ ಪದಕ್ಕಾಗಲಿ ಯಾವ ನಷ್ಟವೂ ಆಗಿಲ್ಲ. ಸಾಧನೆಯ ಬಡ್ಡಿದರ ಹೀಗೆಯೇ, ಬಹಳ ಕಡಿಮೆ, ಆದರೆ ಅಸಲು ಭದ್ರ. ಆರು ತಿಂಗಳಲ್ಲಿ ಎರಡರಷ್ಟು ಮಾಡಿಕೊಡುತ್ತೇನೆ ಎನ್ನುವವರ ಬಳಿ ಠೇವಣಿ ಇಡಬೇಡಿ ಎಂದು ಗ್ರಾಹಕರಿಗೆ ಹೇಳುವ ನಾವು ಮಕ್ಕಳ ಗಂಟಲನ್ನು ಅಂಥವರ ಕೈಗೇ ಕೊಡುತ್ತೇವೆ.

ಸಭೆಯ ಮರುದಿನ ಅಳಿಯನನ್ನು ಕರೆದು ಕೂರಿಸಿದೆ. "ಮಾವ, ಜೇನು ಕಾಳುಮೆಣಸು ತಿಂತಾ ಇದ್ದೇನೆ, ಸರಿಯಾಗ್ತದೆ" ಎಂದ. ಜೇನು ಹೋಗುವುದು ಅನ್ನನಾಳಕ್ಕೆ, ಸ್ವರತಂತು ಇರುವುದು ಶ್ವಾಸನಾಳದ ಬಾಯಿಯಲ್ಲಿ. ಅದು ಅಲ್ಲಿಗೆ ಮುಟ್ಟುವುದೇ ಇಲ್ಲ, ಮುಟ್ಟಿದರೆ ನೀನು ಕೆಮ್ಮಿ ಸಾಯುತ್ತೀ ಎಂದೆ. "ಶ್ರುತಿ ಇಳಿಸಿದರೆ ನಗುತ್ತಾರೆ ಮಾವ" ಎಂದ. ಇದಕ್ಕೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವರು ನಗುವವರು.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಗುರುಗಳೇ, ಶಿಷ್ಯನ ಶ್ರುತಿಯನ್ನು ಅವನ ಗಂಟಲಿನಿಂದ ಗೊತ್ತುಮಾಡಿ, ನಿಮ್ಮದರಿಂದಲ್ಲ. ಮೂರು ವಾರ ಮೀರಿ ಸ್ವರ ಒಡೆದಿದ್ದರೆ ಕಷಾಯ ಬಿಟ್ಟು ವೈದ್ಯರಲ್ಲಿಗೆ ಕಳುಹಿಸಿ. ಸಂಘಟಕರೇ, ಕರಪತ್ರದಲ್ಲಿ "ಏರು ಶ್ರುತಿಯ ಗಂಡುಗಲಿ" ಎಂದು ಅಚ್ಚು ಹಾಕುವುದನ್ನು ನಿಲ್ಲಿಸಿ. ರಾತ್ರಿಯನ್ನು ಇಬ್ಬರು ಮೂವರು ಭಾಗವತರಿಗೆ ಸರಿಯಾಗಿ ಹಂಚಿ. ಪ್ರೇಕ್ಷಕರೇ, ಕುತ್ತಿಗೆಯ ನರ ಉಬ್ಬಿದಾಗ ಚಪ್ಪಾಳೆ ತಟ್ಟಬೇಡಿ. ಸಾಹಿತ್ಯ ಸ್ಪಷ್ಟವಾಗಿ ಕೇಳಿದಾಗ ತಟ್ಟಿ.

ಬ್ಯಾಂಕಿನವನೆಂದು ನಮ್ಮೂರ ಸಮಿತಿಗೆ ನನ್ನನ್ನೇ ಖಜಾಂಚಿ ಮಾಡಿದ್ದಾರೆ. ಈ ಸಲದ ಆಟಕ್ಕೆ ಹೆಚ್ಚುವರಿ ದೀಪಾಲಂಕಾರದ ಚೀಟಿಗೆ ನಾನು ಸಹಿ ಹಾಕಿಲ್ಲ, ಭಾಗವತರ ಕಡೆಗೆ ತಿರುಗಿಸಿ ಇಡುವ ಸ್ಪೀಕರಿನ ಬಾಡಿಗೆಗೆ ಹಾಕಿದ್ದೇನೆ. ಅಧ್ಯಕ್ಷರು ಮುನಿಸಿಕೊಂಡಿದ್ದಾರೆ. ಅಳಿಯ ಮಂಗಳೂರಿಗೆ ಹೋಗಿ ತೋರಿಸಿಕೊಂಡು ಬಂದಿದ್ದಾನೆ. ಗಂಟು ಇನ್ನೂ ಮೆದುವಾಗಿಯೇ ಇದೆಯಂತೆ, ಕರಗಬಹುದಂತೆ. ಈಗ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಲೋಟದ ನೀರಿನಲ್ಲಿ ಗುಳುಗುಳು ಮಾಡುತ್ತಿದ್ದಾನೆ. ದಾರಿಯಲ್ಲಿ ಹೋಗುವವರು ನಗುತ್ತಾರೆ. ನಗಲಿ.